ನೀರಿಗಿಳಿಯುವ ಮುನ್ನದ ಎರಡು ನಿಮಿಷ: ಮ್ಯಾಂಗನೀಸ್ ಉಕ್ಕಿನ ಜಾ ಪ್ಲೇಟುಗಳು ಒಡೆದ ಒಂದು ಪ್ರಕರಣ

ಇದು ಉತ್ತರ ಕರ್ನಾಟಕದ ಮಧ್ಯಮ ಗಾತ್ರದ ಒಂದು ಫೌಂಡ್ರಿಯ ಪ್ರಕರಣ. ಫೌಂಡ್ರಿಯವರ ಮತ್ತು ಗಿರಾಕಿಯ ಗುರುತು ಹತ್ತದಂತೆ ಊರು, ಇಸವಿ, ಪ್ಲೇಟಿನ ನಿಖರ ಅಳತೆ ಇವನ್ನು ಬಿಟ್ಟಿದ್ದೇನೆ ಅಥವಾ ಕೊಂಚ ಬದಲಿಸಿದ್ದೇನೆ. ಲೋಹದ ನಡವಳಿಕೆಯನ್ನು ತೋರಿಸುವ ಸಂಗತಿಗಳನ್ನಷ್ಟೇ ಇದ್ದ ಹಾಗೆ ಉಳಿಸಿಕೊಂಡಿದ್ದೇನೆ. ಎರಕದ ಕೆಲಸದಲ್ಲಿರುವವರಿಗೂ ಕ್ರಷರ್ ನಡೆಸುವವರಿಗೂ ಇದು ಉಪಯೋಗಕ್ಕೆ ಬರಬಹುದು.

ಹಿನ್ನೆಲೆ

ಜಲ್ಲಿ ಕ್ರಷರಿನ ಎರಡು ದವಡೆಗಳಿಗೆ ತೊಡಿಸುವ, ಮೇಲ್ಮೈಯಲ್ಲಿ ಉದ್ದುದ್ದ ಏಣುಗಳಿರುವ ದಪ್ಪ ಎರಕದ ಹಲಗೆಯೇ ಜಾ ಪ್ಲೇಟ್. ಗ್ರಾನೈಟ್ ಮತ್ತು ನೈಸ್ (ಪಟ್ಟೆಪಟ್ಟೆಯ ಗಟ್ಟಿ ಶಿಲೆ) ಕಲ್ಲುಗಳನ್ನು ದಿನವಿಡೀ ಜಜ್ಜುವ ಈ ಪ್ಲೇಟಿಗೆ ಸಾಮಾನ್ಯ ಉಕ್ಕುಗಳು ಒದಗಿ ಬರುವುದಿಲ್ಲ. ಗಡಸು ಉಕ್ಕು ಸವೆತವನ್ನು ತಡೆದರೂ ಪೆಟ್ಟಿಗೆ ಒಡೆಯುತ್ತದೆ. ಮೆದು ಉಕ್ಕು ಪೆಟ್ಟನ್ನು ತಾಳಿದರೂ ಬೇಗ ಸವೆಯುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಕೊಂಡ ಮ್ಯಾಂಗನೀಸ್ ಉಕ್ಕು ಈ ಇಕ್ಕಟ್ಟಿನಿಂದ ಪಾರಾಗುವ ದಾರಿ ತೋರಿಸಿತು. ಅದರಲ್ಲಿ ಸುಮಾರು ಶೇ 12ರಿಂದ 13ರಷ್ಟು ಮ್ಯಾಂಗನೀಸ್, ಶೇ 1ರಿಂದ 1.3ರಷ್ಟು ಇಂಗಾಲ ಇರುತ್ತದೆ. ಸರಿಯಾಗಿ ಶಾಖೋಪಚಾರ ಮಾಡಿದ ಈ ಉಕ್ಕಿನ ಗಡಸುತನ ಸುಮಾರು 200 ಬ್ರಿನೆಲ್ ಮಾತ್ರ. ಆದರೆ ಪೆಟ್ಟು ಬಿದ್ದಂತೆಲ್ಲ ಅದರ ಮೇಲ್ಮೈ 450ರಿಂದ 500 ಬ್ರಿನೆಲ್‌ವರೆಗೆ ಗಡಸಾಗುತ್ತದೆ, ಒಳಭಾಗ ಮೊದಲಿನಂತೆಯೇ ಜಿಗುಟಾಗಿ ಉಳಿಯುತ್ತದೆ. ಹೊರಪದರ ಸವೆದರೆ ಅದರ ಕೆಳಗಿನ ಪದರ ಗಡಸಾಗುತ್ತಾ ಹೋಗುತ್ತದೆ.

ಈ ಗುಣ ಕೇವಲ ಬೆರಕೆಯ ಪ್ರಮಾಣದಿಂದ ಬರುವುದಿಲ್ಲ. ಅಚ್ಚಿನಲ್ಲಿ ನಿಧಾನವಾಗಿ ಆರುವಾಗ, ಹೆಚ್ಚಿನ ಪ್ರಮಾಣದಲ್ಲಿರುವ ಇಂಗಾಲ ಕಬ್ಬಿಣ ಮತ್ತು ಮ್ಯಾಂಗನೀಸ್‌ಗಳ ಜೊತೆ ಸೇರಿ ಕಾರ್ಬೈಡ್ ಆಗಿ ಹೊರಬೀಳುತ್ತದೆ ಮತ್ತು ಲೋಹದ ಕಣಗಳ ಅಂಚುಗಳಲ್ಲಿ ತೆಳುವಾದ, ಪೆಡಸಾದ ಪೊರೆಯಾಗಿ ಕೂರುತ್ತದೆ. ಹಾಗೆ ಅಚ್ಚಿನಿಂದ ತೆಗೆದ ಎರಕವನ್ನು ಎಳೆದು ನೋಡಿದರೆ ಹೆಚ್ಚುಕಡಿಮೆ ಹಿಗ್ಗದೆಯೇ ತುಂಡಾಗುತ್ತದೆ. ಅದನ್ನೇ 1000 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಿಸಿ, ಕಾರ್ಬೈಡ್ ಪೂರ್ತಿ ಕರಗುವವರೆಗೆ ಹಿಡಿದು, ಅದು ಮತ್ತೆ ಹೊರಬೀಳಲು ಅವಕಾಶ ಕೊಡದಷ್ಟು ವೇಗವಾಗಿ ನೀರಿನಲ್ಲಿ ತಣಿಸಿದರೆ, ಇಂಗಾಲವೆಲ್ಲ ಲೋಹದೊಳಗೇ ಸೆರೆಯಾಗಿ ಆಸ್ಟೆನೈಟ್ ಎಂಬ ರಚನೆ ಕೋಣೆಯ ಉಷ್ಣತೆಯಲ್ಲೂ ನಿಲ್ಲುತ್ತದೆ. ಆಗ ಒಂದು ಅಂಗುಲ ದಪ್ಪದ ತುಂಡಿನ ಕರ್ಷಕ ಸಾಮರ್ಥ್ಯ (ಎಳೆದಾಗ ತುಂಡಾಗದೆ ತಡೆದುಕೊಳ್ಳುವ ಬಲ) 800 ಮೆಗಾಪಾಸ್ಕಲ್‌ನ ಆಸುಪಾಸಿಗೆ ಏರುತ್ತದೆ, ಹಿಗ್ಗುವಿಕೆ ಶೇ 40ರ ಹತ್ತಿರ ಹೋಗುತ್ತದೆ. ಎರಕದ ಸ್ಥಿತಿಯಲ್ಲಿ ಈ ಸಾಮರ್ಥ್ಯ ಸುಮಾರು ಅರ್ಧದಷ್ಟು ಇರುತ್ತದೆ. ಯೀಲ್ಡ್ ಸಾಮರ್ಥ್ಯ (ಲೋಹ ಶಾಶ್ವತವಾಗಿ ಮಣಿಯಲು ತೊಡಗುವ ಬಲ) ಮಾತ್ರ ಹೆಚ್ಚೇನೂ ಇರದೆ 350ರಿಂದ 400 ಮೆಗಾಪಾಸ್ಕಲ್ ಒಳಗೆ ಉಳಿಯುತ್ತದೆ. ಪೆಟ್ಟು ಬಿದ್ದಾಗ ಲೋಹ ಮೊದಲು ಮಣಿದು, ಮಣಿಯುತ್ತಲೇ ಗಡಸಾಗಲು ಇದೂ ಒಂದು ಕಾರಣ.

ಫೌಂಡ್ರಿಯ ಹಳೆಯ ಫೋರ್ಮನ್ ಒಬ್ಬರು ಈ ವಿಚಿತ್ರವನ್ನು ತಮ್ಮದೇ ಮಾತಿನಲ್ಲಿ ಕೇಳಿದ್ದರು: "ಸರ, ಬ್ಯಾರೆ ಉಕ್ಕು ಕಾಯಿಸಿ ನೀರಿಗಿ ಹಾಕಿದ್ರ ಗಟ್ಟಿ ಆಗತೈತ್ರಿ. ಇದು ಯಾಕ ಮೆತ್ತಗ ಆಗತೈತಿ?" ಈ ಪ್ರಕರಣದ ಅರ್ಧ ತಪ್ಪುಗಳು ಈ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರಿಸದೆ ಇದ್ದುದರಿಂದಲೇ ಆದವು ಎಂದರೆ ಹೆಚ್ಚಾಗಲಾರದು.

ಫೌಂಡ್ರಿ ಬಹಳ ಕಾಲದಿಂದ ಸಣ್ಣ ಕ್ರಷರುಗಳಿಗೆ 75 ಮಿ.ಮೀ. ದಪ್ಪದ ಪ್ಲೇಟುಗಳನ್ನು ಎರೆಯುತ್ತಿತ್ತು. ಇಂಡಕ್ಷನ್ ಕುಲುಮೆಯಲ್ಲಿ ಕರಗಿಸಿ ಅಚ್ಚಿಗೆ ಹೊಯ್ದು, ಬಳಿಕ ಎಣ್ಣೆಯಿಂದ ಉರಿಯುವ ಬೋಗಿ ಕುಲುಮೆಯಲ್ಲಿ (ತಳವೇ ಹೊರಗೆಳೆಯುವ ಗಾಡಿಯಾಗಿರುವ ಕುಲುಮೆ) ಕಾಯಿಸಿ, ಪಕ್ಕದ ನೀರಿನ ತೊಟ್ಟಿಗೆ ಇಳಿಸುವುದು ಅವರ ರೂಢಿ. ಮಾಪಕ 1050 ಡಿಗ್ರಿ ತೋರಿಸಿದ ಮೇಲೆ ಮೂರು ತಾಸು ಹಿಡಿಯಬೇಕು ಎಂಬ ಒಂದೇ ಸಾಲಿನ ಸೂಚನೆ, ಪ್ಲಾಸ್ಟಿಕ್ ಹೊದಿಕೆ ಹಾಕಿದ ಹಾಳೆಯೊಂದರಲ್ಲಿ ಕುಲುಮೆಯ ಪಕ್ಕದ ಗೋಡೆಗೆ ಅಂಟಿಸಿತ್ತು. ದಪ್ಪದ ಪ್ರತಿ 25 ಮಿ.ಮೀ.ಗೆ ಒಂದು ತಾಸು ಎಂಬ ಸಾಮಾನ್ಯ ಲೆಕ್ಕದಿಂದಲೇ ಯಾರೋ ಹಿಂದೆ ಅದನ್ನು ಬರೆದಿರಬೇಕು. 75 ಮಿ.ಮೀ. ಪ್ಲೇಟಿಗೆ ಅದು ಸರಿಯೇ ಆಗಿತ್ತು, ಆ ಪ್ಲೇಟುಗಳ ಬಗ್ಗೆ ದೂರೂ ಇರಲಿಲ್ಲ.

ತೊಂದರೆ

ನದಿ ಮರಳಿಗೆ ಬದಲಾಗಿ ಎಂ-ಸ್ಯಾಂಡ್ ಬಳಕೆ ಹೆಚ್ಚಿದಂತೆ ಕ್ರಷರುಗಳೂ ದೊಡ್ಡವಾದವು. ಹಳೆಯ ಗಿರಾಕಿಯೊಬ್ಬರು ದೊಡ್ಡ ಯಂತ್ರ ತಂದು, ಏಣಿನ ತುದಿಯಿಂದ ಬೆನ್ನಿನವರೆಗೆ 120 ಮಿ.ಮೀ. ದಪ್ಪ ಬರುವ ಪ್ಲೇಟುಗಳನ್ನು ಇದೇ ಫೌಂಡ್ರಿಯಿಂದ ಮಾಡಿಸಿದರು. ಮೊದಲ ಜೋಡಿಯಲ್ಲಿ ಒಂದು ಕೆಲವೇ ದಿನಗಳಲ್ಲಿ ಅಡ್ಡಲಾಗಿ ಸೀಳಿತು. ಬದಲಿಗೆ ಕೊಟ್ಟದ್ದೂ ಒಡೆಯಿತು. ಸವೆದು ತೆಳುವಾಗಿ ಹೋಗಬೇಕಾದ ಪ್ಲೇಟು ಏಣುಗಳು ಇನ್ನೂ ಚೂಪಾಗಿರುವಾಗಲೇ ಎರಡು ತುಂಡಾಗಿ ವಾಪಸು ಬಂದರೆ ಫೌಂಡ್ರಿಗೆ ಅದಕ್ಕಿಂತ ಅವಮಾನ ಬೇರೆ ಇಲ್ಲ.

ಕಾಗದಪತ್ರಗಳೆಲ್ಲ ಸರಿಯಾಗಿದ್ದವು. ಇಂಗಾಲ ಶೇ 1.24, ಮ್ಯಾಂಗನೀಸ್ ಶೇ 12.6, ರಂಜಕ (ಫಾಸ್ಫರಸ್) ಶೇ 0.06. ಇವೆಲ್ಲ ಈ ಉಕ್ಕಿಗೆ ಒಪ್ಪಿತವಾದ ಮಿತಿಯೊಳಗೇ ಇದ್ದವು. ಗಡಸುತನವೂ ಸರಿಯಾಗಿತ್ತು. ಪ್ಲೇಟಿನ ಜೊತೆಯಲ್ಲೇ ಎರೆದು ಜೊತೆಯಲ್ಲೇ ಶಾಖೋಪಚಾರ ಮಾಡಿದ ಪರೀಕ್ಷಾ ಸರಳುಗಳು ಬಿರುಕು ಬಿಡದೆ ಬಾಗುತ್ತಿದ್ದವು. ಇಷ್ಟು ದಾಖಲೆ ಕೈಯಲ್ಲಿದ್ದುದರಿಂದ ಫೌಂಡ್ರಿಯವರು ಕಲ್ಲಿನ ಜೊತೆ ಕಬ್ಬಿಣದ ತುಂಡು ಬಿದ್ದಿರಬೇಕೆಂದರು. ಪ್ಲೇಟಿನ ಬೆನ್ನು ದವಡೆಯ ಮೇಲೆ ಸಮನಾಗಿ ಕೂತಿಲ್ಲವೆಂದೂ ಹೇಳಿದರು. ಎರಡೂ ನಿಜ ಜೀವನದಲ್ಲಿ ಆಗುವಂಥವೇ. ಗಿರಾಕಿಯ ವಾದವೂ ಸರಳವಾಗಿತ್ತು: ಅದೇ ಯಂತ್ರ, ಅದೇ ಕಲ್ಲು, ಬೇರೆ ಕಡೆಯ ಪ್ಲೇಟು ಒಡೆದಿಲ್ಲ.

ಒಡೆದ ಮುಖವನ್ನು ಆಗಲೇ ಸರಿಯಾಗಿ ನೋಡಿದ್ದರೆ ಬಹಳ ಸಮಯ ಉಳಿಯುತ್ತಿತ್ತು. ಅಂಚಿನಿಂದ ಒಂದು ಅಂಗುಲದಷ್ಟು ಒಳಗಿನವರೆಗೆ ಮುಖ ಮಂಕಾಗಿ, ನಾರುನಾರಾಗಿ ಹರಿದಂತಿತ್ತು. ಅಲ್ಲಿಂದ ಒಳಗೆ ಕಲ್ಲುಸಕ್ಕರೆ ಮುರಿದ ಹಾಗೆ ಹೊಳೆಯುವ ದೊಡ್ಡ ದೊಡ್ಡ ಮುಖಗಳು. ಒಂದೇ ಪ್ಲೇಟು, ಒಂದೇ ಹೊಯ್ತ, ಆದರೆ ಎರಡು ಬಗೆಯ ಲೋಹ. ಫೌಂಡ್ರಿಯವರು ಇದನ್ನು ಕಂಡಿದ್ದರು, ಆದರೆ ಎರಕ ಆರುವಾಗ ನಡುವೆ ಉಂಟಾದ ಕುಗ್ಗುವಿಕೆಯ ದೋಷವೆಂದು ತಿಳಿದು ರೈಸರಿನ (ಕುಗ್ಗುವ ಎರಕಕ್ಕೆ ಕರಗಿದ ಲೋಹ ಒದಗಿಸುವ ಹೆಚ್ಚುವರಿ ಭಾಗ) ಗಾತ್ರ ಹೆಚ್ಚಿಸಿದ್ದರು.

ಮೊದಲು ಮಾಡಿದ ಪ್ರಯತ್ನಗಳು

ಮೊದಲು ಆಯಸ್ಕಾಂತದ ಗಲಾಟೆ. ಗಿರಾಕಿಯ ಕಡೆಯವರೊಬ್ಬರು ಹೊಸ ಪ್ಲೇಟಿಗೆ ಆಯಸ್ಕಾಂತ ಹಿಡಿದು, ಅದು ಮೆಲ್ಲಗೆ ಅಂಟಿದ್ದನ್ನು ತೋರಿಸಿ, ಇದು ಮ್ಯಾಂಗನೀಸ್ ಉಕ್ಕೇ ಅಲ್ಲ ಎಂದರು. ಆಸ್ಟೆನೈಟ್ ಆಯಸ್ಕಾಂತಕ್ಕೆ ಅಂಟುವುದಿಲ್ಲ ಎಂಬುದು ನಿಜ. ಆದರೆ ಕುಲುಮೆಯ ಬಿಸಿಗಾಳಿಯಲ್ಲಿ ತಾಸುಗಟ್ಟಲೆ ಇದ್ದ ಎರಕದ ಹೊರಚರ್ಮ ಇಂಗಾಲವನ್ನೂ ಮ್ಯಾಂಗನೀಸನ್ನೂ ಕೊಂಚ ಕಳೆದುಕೊಳ್ಳುತ್ತದೆ, ಆ ತೆಳುಪದರ ತಣಿಯುವಾಗ ಆಸ್ಟೆನೈಟ್ ಆಗಿ ಉಳಿಯದೆ ಆಯಸ್ಕಾಂತಕ್ಕೆ ಅಂಟುವ, ಗಡಸು ರಚನೆಯಾದ ಮಾರ್ಟೆನ್‌ಸೈಟ್ ಆಗುತ್ತದೆ. ಗ್ರೈಂಡರಿನಿಂದ ಎರಡು-ಮೂರು ಮಿ.ಮೀ. ಉಜ್ಜಿ ನೋಡಿದಾಗ ಆಯಸ್ಕಾಂತ ಜಾರಿ ಬಿತ್ತು. ಫೌಂಡ್ರಿಯವರು ವಾದ ಗೆದ್ದರು; ಆದರೆ ಕಣಗಳ ಅಂಚಿನ ತೆಳು ಕಾರ್ಬೈಡ್ ಪೊರೆಯನ್ನು ಆಯಸ್ಕಾಂತ ತೋರಿಸಲಾರದಾದ್ದರಿಂದ, ಆ ಗೆಲುವು ಪ್ಲೇಟು ಚೆನ್ನಾಗಿದೆ ಎಂಬುದಕ್ಕೆ ಪುರಾವೆಯೂ ಆಗಿರಲಿಲ್ಲ.

ಎರಡನೆಯದು ಗಡಸುತನದ ಹಿಂದೆ ಬಿದ್ದದ್ದು. ಗಿರಾಕಿ ಕೈಯಲ್ಲಿ ಹಿಡಿಯುವ ಗಡಸುತನ ಮಾಪಕ ತಂದು, 205 ಬ್ರಿನೆಲ್ ಬಹಳ ಮೆದು, ಹೆಚ್ಚು ಬೇಕು ಎಂದು ಪಟ್ಟು ಹಿಡಿದರು. ಫೌಂಡ್ರಿ ಶೇ 2ರಷ್ಟು ಕ್ರೋಮಿಯಂ ಸೇರಿಸಿತು. ಕ್ರೋಮಿಯಂ ಇರುವ ಮ್ಯಾಂಗನೀಸ್ ಉಕ್ಕು ಒಪ್ಪಿತವಾದ ದರ್ಜೆಯೇ ಹೌದು. ಅದು ಯೀಲ್ಡ್ ಸಾಮರ್ಥ್ಯವನ್ನು ಏರಿಸುತ್ತದೆ ಮತ್ತು ಪ್ಲೇಟು ಮೊದಲ ದಿನಗಳಲ್ಲಿ ಹರಡಿಕೊಳ್ಳುವುದನ್ನು ತಗ್ಗಿಸುತ್ತದೆ. ಆದರೆ ಕ್ರೋಮಿಯಂ ಸೇರಿದ ಕಾರ್ಬೈಡ್ ಕರಗುವುದಕ್ಕೆ ಹೆಚ್ಚು ಬಿಸಿಯೂ ಹೆಚ್ಚು ಹೊತ್ತೂ ಬೇಕು. ಗೋಡೆಯ ಮೇಲಿನ ಹಾಳೆ ಬದಲಾಗಲಿಲ್ಲ, ಅದೇ 1050, ಅದೇ ಮೂರು ತಾಸು. ಗಡಸುತನ ಮಾಪಕದ ಅಂಕಿ ಏರಿತು, ಗಿರಾಕಿಗೆ ಸಮಾಧಾನವಾಯಿತು, ಪ್ಲೇಟು ಹಿಂದಿನದಕ್ಕಿಂತ ಬೇಗ ಒಡೆಯಿತು. ಎರಕದ ಸ್ಥಿತಿಯ ಪೆಡಸು ಲೋಹಕ್ಕೂ ಸರಿಯಾಗಿ ತಣಿಸಿದ ಜಿಗುಟು ಲೋಹಕ್ಕೂ ಬ್ರಿನೆಲ್ ಅಂಕಿಗಳು ಹೆಚ್ಚುಕಡಿಮೆ ಒಂದೇ ನೆರೆಹೊರೆಯಲ್ಲಿ ಬರುತ್ತವೆ. ಎರಡರ ಹಿಗ್ಗುವಿಕೆಯಲ್ಲಿ ಮಾತ್ರ ಅಜಗಜಾಂತರ. ಈ ಉಕ್ಕಿನ ವಿಷಯದಲ್ಲಿ ಗಡಸುತನ ಮಾಪಕದಷ್ಟು ದಾರಿ ತಪ್ಪಿಸುವ ಉಪಕರಣ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೂರನೆಯದೇ ಅತಿ ಕೆಟ್ಟ ಹೆಜ್ಜೆ. ವಾಹನಗಳ ಬಿಡಿಭಾಗಗಳ ಶಾಖೋಪಚಾರದಲ್ಲಿ ಒಳ್ಳೆಯ ಅನುಭವವಿದ್ದ ಒಬ್ಬರು, ನೀರಿನಲ್ಲಿ ತಣಿಸಿದ ಉಕ್ಕಿನೊಳಗೆ ಬಿಗಿತ ಉಳಿದಿರುತ್ತದೆ, ಅದನ್ನು 400 ಡಿಗ್ರಿಯ ಮೇಲೆ ಕೆಲವು ತಾಸು ಮತ್ತೆ ಕಾಯಿಸಿ ಟೆಂಪರ್ ಮಾಡಿದರೆ ಜಿಗುಟಾಗುತ್ತದೆ ಎಂದು ಸಲಹೆ ಕೊಟ್ಟರು. ಇಂಗಾಲದ ಉಕ್ಕಿಗೆ ಈ ಮಾತು ಪೂರ್ತಿ ಸರಿ. ಅಲ್ಲಿ ನೀರಿಗೆ ಬಿದ್ದ ಲೋಹ ಗಾಜಿನಂಥ ಮಾರ್ಟೆನ್‌ಸೈಟ್ ಆಗಿರುತ್ತದೆ, ಹದವಾದ ಬಿಸಿ ಅದನ್ನು ಪಳಗಿಸುತ್ತದೆ. ಮ್ಯಾಂಗನೀಸ್ ಉಕ್ಕಿನಲ್ಲಿ ತೆಳು ಹೊರಚರ್ಮ ಬಿಟ್ಟರೆ ಪಳಗಿಸುವುದಕ್ಕೆ ಮಾರ್ಟೆನ್‌ಸೈಟ್ ಇರುವುದೇ ಇಲ್ಲ. ಅಲ್ಲಿರುವುದು ಬಲವಂತವಾಗಿ ಸೆರೆಹಿಡಿದ ಇಂಗಾಲ. ಸುಮಾರು 260ರಿಂದ 300 ಡಿಗ್ರಿ ದಾಟಿದರೆ ಅದು ಕಾರ್ಬೈಡ್ ಆಗಿ ಹೊರಬರಲು ಶುರುವಾಗುತ್ತದೆ, ಬಿಸಿ ಏರಿದಷ್ಟೂ ಅವಧಿ ಉದ್ದವಾದಷ್ಟೂ ಹೆಚ್ಚು ಹೊರಬೀಳುತ್ತದೆ. ಬೆಸುಗೆ ಹಾಕುವಾಗಲೂ ಪ್ಲೇಟನ್ನು ಇದಕ್ಕಿಂತ ಬಿಸಿಯಾಗಲು ಬಿಡಬಾರದು ಎನ್ನುವುದು ಇದೇ ಕಾರಣಕ್ಕೆ. ಹೀಗೆ ಟೆಂಪರ್ ಮಾಡಿದ ಪ್ಲೇಟುಗಳಲ್ಲಿ ಒಂದು ಕ್ರಷರಿನಲ್ಲಿ ಕಲ್ಲು ಕಾಣುವ ಮೊದಲೇ, ಬೆಣೆ ಬಿಗಿಯುವಾಗ ಮೂಲೆಯಲ್ಲಿ ಸೀಳಿತು.

ಬೇಸರದ ಸಂಗತಿಯಾದರೂ ಈ ಸೀಳಿಕೆಯೇ ಪ್ರಕರಣಕ್ಕೆ ತಿರುವು ಕೊಟ್ಟಿತು. ಕಲ್ಲಿನ ಜೊತೆ ಕಬ್ಬಿಣ ಬಿತ್ತು ಎಂಬ ವಾದಕ್ಕೆ ಇನ್ನು ಎಡೆ ಇರಲಿಲ್ಲ. ಮಾಲೀಕರು ಒಂದು ಪ್ಲೇಟನ್ನು ಕತ್ತರಿಸಿ ನೋಡಲು ಒಪ್ಪಿದರು.

ಕತ್ತರಿಸಿ ನೋಡಿದಾಗ

ಮೊದಲ ಮಾದರಿಯನ್ನು ಅಂಗಳದಲ್ಲೇ ಗ್ಯಾಸ್ ಕಟರಿನಿಂದ ಕತ್ತರಿಸಿ ಪ್ರಯೋಗಾಲಯಕ್ಕೆ ಕಳಿಸಲಾಗಿತ್ತು. ವರದಿಯಲ್ಲಿ ಎಲ್ಲೆಡೆ ಕಾರ್ಬೈಡ್ ಎಂದು ಬಂತು. ಅದನ್ನು ಪಕ್ಕಕ್ಕಿಡಲು ಹೇಳಿದಾಗ ಮಾಲೀಕರಿಗೆ ಸಿಟ್ಟು ಬಂದದ್ದು ಸಹಜ. ಆದರೆ ಗ್ಯಾಸ್ ಜ್ವಾಲೆಯೇ ಹತ್ತಿರದ ಲೋಹವನ್ನು ಕಾರ್ಬೈಡ್ ಹೊರಬೀಳುವ ಬಿಸಿಗೆ ಒಯ್ಯುವುದರಿಂದ, ಆ ತುಂಡಿನಲ್ಲಿ ಕಂಡದ್ದು ಕುಲುಮೆಯ ತಪ್ಪೋ ಕಟರಿನ ತಪ್ಪೋ ಎಂದು ಬೇರ್ಪಡಿಸುವ ದಾರಿಯೇ ಇರಲಿಲ್ಲ. ಎರಡನೆಯ ಮಾದರಿಯನ್ನು ನೀರು ಹರಿಸುತ್ತ, ಉಜ್ಜುವ ಚಕ್ರದಿಂದ, ಬೇಸರವಾಗುವಷ್ಟು ನಿಧಾನವಾಗಿ ಕತ್ತರಿಸಲಾಯಿತು. ಟೆಂಪರ್ ಮಾಡದ, ಕ್ರೋಮಿಯಂ ಇಲ್ಲದ ಪ್ಲೇಟಿನದೊಂದು ತುಂಡು, ಕ್ರೋಮಿಯಂ ಪ್ಲೇಟಿನದೊಂದು ತುಂಡು. ಎರಡನ್ನೂ ಹೊರಮೈಯಿಂದ ನಡುವಿನವರೆಗೆ ಒಂದೇ ಪಟ್ಟಿಯಾಗಿ ತೆಗೆದು, ಹೊಳಪು ಕೊಟ್ಟು, ನೈಟಾಲಿನಲ್ಲಿ (ಲೋಹದ ರಚನೆ ಕಾಣಿಸುವ ಆಮ್ಲ ದ್ರಾವಣ) ಅದ್ದಿ ಸೂಕ್ಷ್ಮದರ್ಶಕದಡಿ ನೋಡಲಾಯಿತು.

ಮೊದಲ ಪ್ಲೇಟಿನ ಹೊರಭಾಗ ಶುದ್ಧ ಆಸ್ಟೆನೈಟ್ ಆಗಿತ್ತು. ಒಳಗೆ ಹೋದಂತೆ ಕಣಗಳ ಅಂಚಿನಲ್ಲಿ ಚುಕ್ಕಿಗಳು ಕಾಣಿಸಿ, ಅವು ಒಂದಕ್ಕೊಂದು ಕೂಡಿಕೊಂಡು, ನಡುವಿಗೆ ಬರುವಷ್ಟರಲ್ಲಿ ಪ್ರತಿ ಕಣವನ್ನೂ ಸುತ್ತುವರಿದ ಅಖಂಡ ಗೆರೆಯಾಗಿದ್ದವು. ಅಲ್ಲಲ್ಲಿ ಕಣದೊಳಕ್ಕೆ ಚಾಚಿದ ಸೂಜಿಗಳೂ ಇದ್ದವು. ಒಡೆದ ಮುಖದಲ್ಲಿ ಕಂಡ ಮಂಕು ಅಂಚಿಗೂ ಹೊಳೆಯುವ ನಡುವಿಗೂ ಇದೇ ವಿವರಣೆ. ಕ್ರೋಮಿಯಂ ಪ್ಲೇಟಿನಲ್ಲಿ ಈ ತೆಳುಗೆರೆಗಳ ಜೊತೆಗೆ ದಪ್ಪನೆಯ, ಅಂಚು ಗುಂಡಾದ ಕಾರ್ಬೈಡ್ ಗಡ್ಡೆಗಳೂ ಇದ್ದವು.

ಈ ವ್ಯತ್ಯಾಸವನ್ನು ಓದಿಕೊಂಡದ್ದೇ ಇಡೀ ಪ್ರಕರಣದ ಕೀಲಿಕೈ. ಗುಂಡಾದ ಗಡ್ಡೆ ಎಂದರೆ ಕರಗದೆ ಉಳಿದ ಹಳೆಯ ಕಾರ್ಬೈಡ್. ಕುಲುಮೆಯಲ್ಲಿ ಬಿಸಿ ಅಥವಾ ಹೊತ್ತು ಸಾಲಲಿಲ್ಲ ಎಂದರ್ಥ. ಅಂಚಿನ ತೆಳುಗೆರೆ ಎಂದರೆ ಕರಗಿದ್ದ ಇಂಗಾಲ ತಣಿಯುವ ದಾರಿಯಲ್ಲಿ ಮತ್ತೆ ಹೊರಬಿದ್ದದ್ದು. ಕುಲುಮೆಯಿಂದ ನೀರಿಗೆ ಹೋಗುವಾಗ ತಡವಾಯಿತು ಅಥವಾ ನೀರು ಬೇಗ ತಣಿಸಲಿಲ್ಲ ಎಂದರ್ಥ. ಎರಡಕ್ಕೂ ಮದ್ದು ಬೇರೆ. ಬಿಸಿ ಏರಿಸಿದರೆ ಎರಡನೆಯದು ವಾಸಿಯಾಗುವುದಿಲ್ಲ. ಮೊದಲ ಪ್ಲೇಟಿನಲ್ಲಿ ಗಡ್ಡೆಗಳು ಅಪರೂಪವಾಗಿದ್ದುದರಿಂದ ಮುಖ್ಯ ತಪ್ಪಿತಸ್ಥ ಕುಲುಮೆಯಲ್ಲ, ತಣಿಸುವ ಕ್ರಮ ಎಂಬುದು ಖಚಿತವಾಯಿತು.

ಹಾಗಾಗಿ ಕುಲುಮೆಯ ಬಾಗಿಲು ತೆರೆದ ಕ್ಷಣದಿಂದ ಗಡಿಯಾರ ಹಿಡಿದು ನೋಡಲಾಯಿತು. ಬೋಗಿ ಹೊರಗೆ ಬರಬೇಕು, ಒಂದರ ಮೇಲೊಂದು ಮಲಗಿಸಿಟ್ಟ ಪ್ಲೇಟುಗಳಿಗೆ ಸರಪಳಿ ಸಿಕ್ಕಿಸಬೇಕು, ಕ್ರೇನು ಎತ್ತಿ ಕಂಬವೊಂದನ್ನು ಬಳಸಿ ತೊಟ್ಟಿಯ ಮೇಲೆ ಬರಬೇಕು. ಮೊದಲ ಕಂತು ಒಂದು ನಿಮಿಷದ ಸುಮಾರಿಗೆ ನೀರು ಸೇರಿದರೆ, ಕೊನೆಯದಕ್ಕೆ ಎರಡು ನಿಮಿಷ ದಾಟುತ್ತಿತ್ತು. ಅಷ್ಟರಲ್ಲಿ ಪ್ಲೇಟಿನ ಮೂಲೆಗಳು ಕಿತ್ತಳೆ ಬಣ್ಣ ಕಳೆದುಕೊಂಡು ಕಡುಗೆಂಪಿಗೆ ತಿರುಗಿದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಅಮೆರಿಕದ ಎಎಸ್‌ಟಿಎಂ ಎ128 ಮಾನಕ 1000 ಡಿಗ್ರಿಗಿಂತ ಕಡಿಮೆಯಿಲ್ಲದಂತೆ ಕಾಯಿಸಿ ತಣಿಸಬೇಕೆನ್ನುತ್ತದೆ. ಮಾಪಕ 1050 ತೋರಿಸುವಾಗ ಹೊರಟ ಪ್ಲೇಟು ಎಷ್ಟು ಬಿಸಿಯಿದ್ದಾಗ ನೀರಿಗೆ ಬಿದ್ದಿತು ಎಂಬುದನ್ನು ಯಾರೂ ಕೇಳಿರಲಿಲ್ಲ. ಅದರ ಮೇಲೆ ಎರಡು ಪ್ಲೇಟು ಅಂಟಿಕೊಂಡೇ ನೀರಿಗಿಳಿಯುತ್ತಿದ್ದುದರಿಂದ ನಡುವಿನ ಮುಖಗಳಿಗೆ ನೀರೇ ತಾಗುತ್ತಿರಲಿಲ್ಲ. ತಣಿಯುವ ಮಟ್ಟಿಗೆ ಅವೆರಡೂ ಸೇರಿ 240 ಮಿ.ಮೀ. ದಪ್ಪದ ಒಂದೇ ಪ್ಲೇಟು.

ನೀರಿನ ಲೆಕ್ಕವನ್ನೂ ಮಾಡಲಾಯಿತು. ಒಂದು ಕಿಲೋ ಉಕ್ಕು 1050ರಿಂದ 50 ಡಿಗ್ರಿಗೆ ಇಳಿಯುವಾಗ ಸುಮಾರು 600 ಕಿಲೋಜೂಲ್ ಶಾಖ ಬಿಡುತ್ತದೆ. ತೊಟ್ಟಿಯಲ್ಲಿದ್ದದ್ದು 12,000 ಲೀಟರ್ ನೀರು, ಒಂದು ಸಲಕ್ಕೆ ಇಳಿಯುತ್ತಿದ್ದದ್ದು ಎರಡು ಟನ್ ಉಕ್ಕು. ಆವಿಯಾಗಿ ಹೋದದ್ದನ್ನು ಬಿಟ್ಟರೆ ನೀರಿನ ಉಷ್ಣತೆ ಸುಮಾರು 24 ಡಿಗ್ರಿ ಏರುತ್ತದೆ. ಬೇಸಿಗೆಯ ಮಧ್ಯಾಹ್ನ 32 ಡಿಗ್ರಿಯಲ್ಲಿದ್ದ ನೀರು ಮೊದಲ ಕಂತಿಗೇ 55 ದಾಟುತ್ತದೆ, ಮುಂದಿನ ಕಂತು ಅಲ್ಲಿಂದ ಶುರು. ಬಿಸಿನೀರಿನಲ್ಲಿ ಲೋಹದ ಸುತ್ತ ಆವಿಯ ಪದರ ಹೆಚ್ಚು ಹೊತ್ತು ನಿಂತು ಶಾಖ ಹೊರಹೋಗುವುದನ್ನು ತಡೆಯುತ್ತದೆ. ಮ್ಯಾಂಗನೀಸ್ ಉಕ್ಕಿನ ಶಾಖವಾಹಕತೆ ಸಾಮಾನ್ಯ ಉಕ್ಕಿನದರ ಕಾಲು ಭಾಗದಷ್ಟು ಮಾತ್ರ ಇರುವುದರಿಂದ ದಪ್ಪ ಪ್ಲೇಟಿನ ನಡುಭಾಗ ಹೇಗೂ ನಿಧಾನವಾಗಿಯೇ ಆರುತ್ತದೆ. 75 ಮಿ.ಮೀ. ಪ್ಲೇಟು ಈ ಎಲ್ಲ ಸಡಿಲತನವನ್ನೂ ಹೇಗೋ ತಾಳಿಕೊಂಡಿತ್ತು, 120 ಮಿ.ಮೀ. ಪ್ಲೇಟಿನಲ್ಲಿ ಅಂಥ ಸಡಿಲತನಕ್ಕೆ ಎಡೆ ಇರಲಿಲ್ಲ.

ಪರೀಕ್ಷಾ ಸರಳುಗಳ ಒಗಟೂ ಬಿಡಿಸಿತು. ಅವು ಒಂದು ಅಂಗುಲ ದಪ್ಪದವು, ಬೋಗಿಯ ಅಂಚಿನಲ್ಲಿ ತಂತಿಯಿಂದ ಕಟ್ಟಿಟ್ಟು ಎಲ್ಲಕ್ಕಿಂತ ಮೊದಲು ನೀರು ಸೇರುತ್ತಿದ್ದವು. ಅವು ಬಾಗದೆ ಇನ್ನೇನು ಮಾಡಬೇಕು?

ಬದಲಾವಣೆಗಳು

ಮಾಲೀಕರಿಗೆ ಒಪ್ಪಿಸಲು ಕಷ್ಟವಾದದ್ದು ಒಂದೇ ವಿಷಯ: ಒಂದು ಸಲಕ್ಕೆ ಕುಲುಮೆಗೆ ಹಾಕುವ ತೂಕವನ್ನು ಅರ್ಧಕ್ಕೆ ಇಳಿಸುವುದು. ಎಣ್ಣೆಯ ಖರ್ಚು ಕಿಲೋ ಲೆಕ್ಕದಲ್ಲಿ ಏರುತ್ತದೆ, ಕುಲುಮೆ ಹೆಚ್ಚು ದಿನ ಉರಿಯಬೇಕು. ಬದಲಿಗೆ ದುಬಾರಿ ಬೆರಕೆ ಸೇರಿಸೋಣ ಎಂಬ ಒಲವು ಅವರಿಗಿತ್ತು. ವಾಪಸು ಬಂದ ಪ್ಲೇಟುಗಳ ತೂಕವನ್ನು ಅದೇ ಕಾಗದದ ಇನ್ನೊಂದು ಬದಿಯಲ್ಲಿ ಬರೆದ ಮೇಲೆ ಮಾತು ಮುಂದುವರಿಯಿತು. ಪ್ಲೇಟುಗಳನ್ನು ಮಲಗಿಸುವ ಬದಲು, ನಡುವೆ ಅಂತರವಿರುವಂತೆ ಅಂಚಿನ ಮೇಲೆ ನಿಲ್ಲಿಸುವ ಉಕ್ಕಿನ ಚೌಕಟ್ಟು ಮಾಡಲಾಯಿತು. ಚೌಕಟ್ಟಿನ ಸಮೇತ ಕ್ರೇನು ಒಂದೇ ಎತ್ತಿಗೆ ಎತ್ತಿ ನೀರಿಗಿಳಿಸುವುದರಿಂದ ಸರಪಳಿ ಸಿಕ್ಕಿಸುವ ಕೆಲಸ ತಪ್ಪಿತು, ಬಾಗಿಲು ತೆರೆದ ಮೇಲೆ ನೀರು ಸೇರುವ ಅವಧಿ ಅರ್ಧ ನಿಮಿಷದ ಆಸುಪಾಸಿಗೆ ಬಂತು. ತೊಟ್ಟಿಗೆ ಪಂಪು ಕೂರಿಸಿ ನೀರನ್ನು ಕಲಕುವಂತೆ ಮಾಡಿ, ಪಕ್ಕದ ಹೊಂಡದ ಜೊತೆ ಜೋಡಿಸಿ, ನೀರು 30 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಬಾಗಿಲು ತೆರೆಯಬೇಕೆಂದು ಗೊತ್ತುಮಾಡಲಾಯಿತು. ಅಂದಿನಿಂದ ಬೇಸಿಗೆಯಲ್ಲಿ ಶಾಖೋಪಚಾರ ಬೆಳಗಿನ ಜಾವದ ಕೆಲಸವಾಯಿತು.

ಕುಲುಮೆಯ ಉಷ್ಣತೆಯನ್ನು 1080 ಡಿಗ್ರಿಗೆ ಏರಿಸಲಾಯಿತು, ಅದಕ್ಕಿಂತ ಮೇಲೆ ಬೇಡವೆಂದೂ ತೀರ್ಮಾನವಾಯಿತು. ರಂಜಕ ಹೆಚ್ಚಿರುವ ಲೋಹದಲ್ಲಿ ಕಣಗಳ ಅಂಚಿನ ಫಾಸ್ಫೈಡ್ ಮಿಶ್ರಣ ಬೇಗ ಕರಗಲು ತೊಡಗುತ್ತದೆ, ಕಣಗಳೂ ಬೆಳೆದು ದೊಡ್ಡವಾಗುತ್ತವೆ. ಬಿಸಿ ಏರಿಸಿದ್ದಕ್ಕೆ ಸಿಗುವ ಲಾಭವನ್ನು ಇವೆರಡೂ ತಿಂದುಹಾಕುತ್ತವೆ. ಮಾಪಕದ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಕುಲುಮೆಯ ಮೇಲ್ಛಾವಣಿಯ ಬಳಿ ಇದ್ದುದರಿಂದ ಕೆಳಗಿನ ಪ್ಲೇಟುಗಳ ನಿಜಸ್ಥಿತಿ ಅದಕ್ಕೆ ತಿಳಿಯುತ್ತಿರಲಿಲ್ಲ. ಪ್ಲೇಟಿಗೇ ತಾಗುವಂತೆ ಇನ್ನೊಂದನ್ನು ಇಟ್ಟು, ಅದು 1080 ತೋರಿಸಿದ ಮೇಲೆ ಐದು ತಾಸಿನ ಲೆಕ್ಕ ಶುರುಮಾಡಲಾಯಿತು. ಶಾಖವಾಹಕತೆ ಕಡಿಮೆ, ಬಿಸಿಗೆ ಹಿಗ್ಗುವುದು ಸಾಮಾನ್ಯ ಉಕ್ಕಿನ ಒಂದೂವರೆ ಪಟ್ಟು ಇರುವ ಈ ಪೆಡಸು ಎರಕವನ್ನು ಆರಂಭದಲ್ಲಿ ಅವಸರದಿಂದ ಕಾಯಿಸಿದರೆ ಕುಲುಮೆಯಲ್ಲೇ ಬಿರುಕು ಬಿಡುವುದರಿಂದ, 650 ಡಿಗ್ರಿಯವರೆಗೆ ಬಹಳ ನಿಧಾನವಾಗಿ ಏರಿಸುವ ಕ್ರಮವೂ ಬಂತು.

ಬೆರಕೆಯಲ್ಲಿ ಮಾಡಿದ ಬದಲಾವಣೆ ಚಿಕ್ಕದು, ಪರಿಣಾಮ ದೊಡ್ಡದು. ಇಂಗಾಲದ ಗುರಿಯನ್ನು ಶೇ 1.24ರಿಂದ 1.10ಕ್ಕೆ ಇಳಿಸಲಾಯಿತು. ಇಂಗಾಲ ಕಡಿಮೆಯಾದಷ್ಟೂ ಹೊರಬೀಳುವ ಕಾರ್ಬೈಡ್ ಕಡಿಮೆ, ಹಾಗಾಗಿ ದಪ್ಪ ಪ್ಲೇಟಿನ ನಡುಭಾಗಕ್ಕೆ ಸಿಗುವ ಸಮಯ ಹೆಚ್ಚು. ರಂಜಕವನ್ನು ಶೇ 0.05ರ ಕೆಳಗೆ ತರುವುದಕ್ಕೆ ಫೆರೋಮ್ಯಾಂಗನೀಸ್ (ಉಕ್ಕಿಗೆ ಮ್ಯಾಂಗನೀಸ್ ಸೇರಿಸಲು ಬಳಸುವ ಕಬ್ಬಿಣ-ಮ್ಯಾಂಗನೀಸ್ ಬೆರಕೆ) ಕೊಳ್ಳುವಾಗಲೇ ರಂಜಕದ ಪ್ರಮಾಣ ನೋಡಬೇಕಾಯಿತು, ಏಕೆಂದರೆ ಅದು ಬರುವುದು ಬಹುಪಾಲು ಅದರ ಮೂಲಕವೇ. ಸಂಡೂರಿನ ಮ್ಯಾಂಗನೀಸ್ ಅದಿರನ್ನು ಮನೆ ಅಂಗಳದಲ್ಲೇ ಇಟ್ಟುಕೊಂಡಿರುವ ನಮ್ಮ ನಾಡಿನ ಫೌಂಡ್ರಿಗಳು ಫೆರೋಮ್ಯಾಂಗನೀಸನ್ನು ಬರೀ ದರ ನೋಡಿ ಕೊಳ್ಳುವುದು ಸೋಜಿಗವೇ ಸರಿ.

ಇನ್ನೆರಡು ಸಂಗತಿಗಳು. ಶಾಖೋಪಚಾರದ ನಂತರ ಗ್ಯಾಸ್ ಕಟರಿನಿಂದ ರೈಸರ್ ಕತ್ತರಿಸುವ ರೂಢಿಯನ್ನು ಬಿಟ್ಟು, ಕುತ್ತಿಗೆ ಸಣ್ಣದಾಗುವಂತೆ ಅಚ್ಚಿನಲ್ಲಿ ತೆಳು ಕೋರ್ (ಲೋಹ ತುಂಬದಂತೆ ತಡೆಯುವ ಒಳ ಅಚ್ಚು) ಇಟ್ಟು, ಎರಕ ಪೆಡಸಾಗಿರುವಾಗಲೇ ಸುತ್ತಿಗೆಯಿಂದ ಹೊಡೆದು ಬೀಳಿಸುವ ಕ್ರಮ ಬಂತು. ಪೆಡಸುತನದಿಂದ ಒಂದು ಉಪಯೋಗವಾದರೂ ಆಯಿತು. ಗಿರಾಕಿಯನ್ನು ಒಪ್ಪಿಸಿ ಪ್ಲೇಟಿನ ಬೆನ್ನಿನಲ್ಲಿ ಭಾರ ಹೊರದ ಜಾಗಗಳಲ್ಲಿ ಗುಳಿ ಬಿಟ್ಟದ್ದರಿಂದ, ನೀರು ಒಳಗಿನವರೆಗೆ ತಲುಪಿ ಆ ಭಾಗಗಳ ದಪ್ಪ 90 ಮಿ.ಮೀ. ಒಳಗೆ ಬಂತು.

ಏನಾಯಿತು

ಹೊಸ ಕ್ರಮದ ಮೊದಲ ತಂಡದ ಒಂದು ಪ್ಲೇಟನ್ನು ಮಾರದೆ ಕತ್ತರಿಸಲಾಯಿತು. ಅತ್ಯಂತ ದಪ್ಪದ ಜಾಗದ ನಡುವಿನಲ್ಲಿ ಈಗಲೂ ಬಿಡಿಬಿಡಿ ಚುಕ್ಕಿಗಳಿದ್ದವು, ಅಖಂಡ ಗೆರೆ ಇರಲಿಲ್ಲ. ಚುಕ್ಕಿಗಳನ್ನೂ ಹೋಗಲಾಡಿಸಲು ಇನ್ನಷ್ಟು ಖರ್ಚು ಮಾಡಬೇಕೇ ಎಂಬ ಚರ್ಚೆ ನಡೆದು, ಬೇಡ ಎಂದಾಯಿತು. ಬಿಡಿ ಚುಕ್ಕಿಗಳು ಬಿರುಕಿಗೆ ನಿರಂತರ ದಾರಿ ಕೊಡುವುದಿಲ್ಲ, ಆ ಜಾಗ ಪೆಟ್ಟು ತಿನ್ನುವ ಮುಖದಿಂದ ದೂರವೂ ಇತ್ತು. ಈ ತೀರ್ಮಾನ ಸರಿಯಾಗಿತ್ತೆಂದು ನನಗನ್ನಿಸುತ್ತದೆ.

ಪ್ಲೇಟುಗಳು ಒಡೆಯುವುದು ನಿಂತಿತು. ಮುಂದೆ ಒಮ್ಮೆ ಒಂದು ಮೂಲೆ ಮುರಿದದ್ದು ಉಂಟು. ಅಲ್ಲಿ ಎಕ್ಸ್‌ಕವೇಟರ್ ಬಕೆಟ್ಟಿನ ಹಲ್ಲೊಂದರ ಗುರುತು ಅಚ್ಚೊತ್ತಿದಂತೆ ಇತ್ತು, ಮುರಿದ ಮುಖವೂ ಪೂರ್ತಿ ಮಂಕು ನಾರು. ಗಿರಾಕಿ ಅದನ್ನು ತಕರಾರಿಲ್ಲದೆ ಒಪ್ಪಿಕೊಂಡರು.

ಸವೆತದ ವಿಷಯದಲ್ಲಿ ಫಲಿತಾಂಶ ಅಷ್ಟು ಚೊಕ್ಕಟವಲ್ಲ. ದೊಡ್ಡ ಬಂಡೆಗಳು ಬೀಳುವ ಮೊದಲ ಹಂತದ ಕ್ರಷರಿನಲ್ಲಿ ಪ್ಲೇಟಿನ ಮುಖ ಚೆನ್ನಾಗಿ ಗಡಸಾಗಿ ಒಳ್ಳೆಯ ಬಾಳಿಕೆ ಬಂತು. ಅದೇ ಗಿರಾಕಿಯ ಇನ್ನೊಂದು ಯಂತ್ರಕ್ಕೆ ಬೀಳುವುದು ಮಣ್ಣು ಬೆರೆತ ಸಣ್ಣ ಕಲ್ಲು. ಅಲ್ಲಿ ಪೆಟ್ಟಿಗಿಂತ ಉಜ್ಜುವಿಕೆಯೇ ಹೆಚ್ಚಾದ್ದರಿಂದ ಮುಖ ಗಡಸಾಗುವ ಮೊದಲೇ ಸವೆಯುತ್ತಿತ್ತು, ಇಂಗಾಲ ಇಳಿಸಿದ್ದು ಅಲ್ಲಿ ಕೊಂಚ ನಷ್ಟವೇ ಆಯಿತು. ಆ ಯಂತ್ರಕ್ಕೆ ತೆಳುವಾದ, ಇಂಗಾಲ ಮತ್ತು ಕ್ರೋಮಿಯಂ ಹೆಚ್ಚಿರುವ ಪ್ಲೇಟನ್ನು ಬೇರೆ ಶಾಖೋಪಚಾರದೊಂದಿಗೆ ಕೊಡುವುದೆಂದಾಯಿತು. ಹಿಂದೆ ಸೋತ ಕ್ರೋಮಿಯಂ ಇಲ್ಲಿ ಕೆಲಸಕ್ಕೆ ಬಂತು, ಏಕೆಂದರೆ ಈ ಸಲ ಅದು ಕರಗುವಷ್ಟು ಬಿಸಿಯನ್ನೂ ಹೊತ್ತನ್ನೂ ಕೊಡಲಾಗಿತ್ತು.

ತೀರ್ಮಾನಗಳ ಬಗ್ಗೆ

ಹಿಂತಿರುಗಿ ನೋಡಿದರೆ ಈ ಪ್ರಕರಣದಲ್ಲಿ ಯಾರೂ ಸೋಮಾರಿತನ ಮಾಡಲಿಲ್ಲ, ಯಾರೂ ಕಳ್ಳ ಲೆಕ್ಕ ಬರೆಯಲಿಲ್ಲ. ದಪ್ಪ ಬದಲಾದಾಗ ಗೋಡೆಯ ಹಾಳೆ ಬದಲಾಗಬೇಕೆಂದು ಯಾರಿಗೂ ಹೊಳೆಯದೆ ಇದ್ದದ್ದೇ ಮೂಲ ತಪ್ಪು. ಅದನ್ನು ಮುಚ್ಚಿಟ್ಟದ್ದು ಪರೀಕ್ಷೆಗಳು. ರಾಸಾಯನಿಕ ವಿಶ್ಲೇಷಣೆ, ಗಡಸುತನ, ಅಂಗುಲ ದಪ್ಪದ ಸರಳು, ಆಯಸ್ಕಾಂತ ಈ ನಾಲ್ಕೂ ತಮ್ಮ ತಮ್ಮ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟವು. ಪ್ಲೇಟಿನ ನಡುಭಾಗ ಹೇಗಿದೆ ಎಂಬ ಪ್ರಶ್ನೆಯನ್ನು ಮಾತ್ರ ಅವುಗಳಲ್ಲಿ ಯಾವುದೂ ಕೇಳಲಿಲ್ಲ. ಈಗ ಫೌಂಡ್ರಿಯವರು ಪ್ಲೇಟಿನಷ್ಟೇ ದಪ್ಪದ ಒಂದು ತುಂಡನ್ನು ಅದೇ ಹೊಯ್ತದಿಂದ ಎರೆದು, ಅದೇ ಚೌಕಟ್ಟಿನ ನಡುವೆ ನಿಲ್ಲಿಸಿ ತಣಿಸಿ, ಅದನ್ನು ಕತ್ತರಿಸಿ ನೋಡುತ್ತಾರೆ. ಪರೀಕ್ಷಾ ತುಂಡು ಬೋಗಿಯ ಅಂಚಿನಲ್ಲಿರಬಾರದು ಎಂಬುದನ್ನು ಫೋರ್ಮನ್ ಅವರೇ ಪಟ್ಟುಹಿಡಿದು ಮಾಡಿಸುತ್ತಾರೆ.

ಟೆಂಪರ್ ಮಾಡಿಸಿದ ಸಲಹೆಯ ವಿಷಯದಲ್ಲಿ ಇನ್ನೊಂದು ಮಾತು ಹೇಳಬೇಕು. ಆ ಸಲಹೆ ಕೊಟ್ಟವರು ಅನನುಭವಿಯಲ್ಲ. ಇತರ ಉಕ್ಕುಗಳಲ್ಲಿ ಪಕ್ಕಾ ಆದ ಅನುಭವವೇ ಇಲ್ಲಿ ತಿರುಗುಬಾಣವಾಯಿತು. ನೀರು ಗಡಸು ಮಾಡುತ್ತದೆ, ಮರುಬಿಸಿ ಜಿಗುಟು ಮಾಡುತ್ತದೆ ಎಂಬುದು ಮ್ಯಾಂಗನೀಸ್ ಉಕ್ಕಿನಲ್ಲಿ ತಲೆಕೆಳಗಾಗುತ್ತದೆ. ಆದ್ದರಿಂದ ಬಿಸಿಗೆ ಸಂಬಂಧಿಸಿದ ಯಾವುದೇ ಹೊಸ ಸಲಹೆಯನ್ನು ಇಡೀ ತಂಡದ ಪ್ಲೇಟುಗಳ ಮೇಲೆ ಪ್ರಯೋಗಿಸುವ ಮೊದಲು ಒಂದು ತುಂಡಿನ ಮೇಲೆ ಮಾಡಿ, ಅದನ್ನು ಸುತ್ತಿಗೆಯಿಂದ ಬಡಿದು ನೋಡುವ ಒಪ್ಪಂದ ಅಲ್ಲಿ ಜಾರಿಗೆ ಬಂದಿದೆ. ಖರ್ಚಿಲ್ಲದ ಪರೀಕ್ಷೆ ಅದು.

ಇತ್ತೀಚೆಗೆ ಅದೇ ಗಿರಾಕಿ ಇನ್ನೂ ದಪ್ಪನೆಯ, ಶೇ 18ರಷ್ಟು ಮ್ಯಾಂಗನೀಸ್ ಇರುವ ಪ್ಲೇಟು ಕೇಳಿದ್ದಾರೆ. ಮ್ಯಾಂಗನೀಸ್ ಹೆಚ್ಚಾದರೆ ಆಸ್ಟೆನೈಟ್ ಹೆಚ್ಚು ಸ್ಥಿರವಾಗುತ್ತದೆ, ನಡುಭಾಗಕ್ಕೆ ಕೊಂಚ ಬಿಡುವು ಸಿಗುತ್ತದೆ ಎಂಬುದು ಸರಿ. ಆದರೆ ಆ ದರ್ಜೆಯಲ್ಲಿ ಇಂಗಾಲವನ್ನೂ ಏರಿಸುವುದು ವಾಡಿಕೆಯಾದ್ದರಿಂದ ಸಿಕ್ಕ ಬಿಡುವು ಅಲ್ಲೇ ಖರ್ಚಾಗಬಹುದು. ಫೌಂಡ್ರಿಯವರು ದರಪಟ್ಟಿ ಕಳಿಸುವ ಮೊದಲು ತೊಟ್ಟಿಯ ಅಳತೆಯನ್ನೂ ಕ್ರೇನಿನ ಭಾರಮಿತಿಯನ್ನೂ ಮತ್ತೊಮ್ಮೆ ಲೆಕ್ಕ ಹಾಕುತ್ತಿದ್ದಾರೆ.